ಪಟ್ಟಿಗೆ ಸಿಗದ ಬಾಗಿಲು

ಸುಗ್ಗಿ ಮುಗಿದು ಜನರ ಕೈ ಒಂದಿಷ್ಟು ಬಿಡುವಾದ ಮೇಲೆ, ವರ್ಷಕ್ಕೊಮ್ಮೆ ನಾನು ಊರ ಬಾಗಿಲುಗಳನ್ನು ನೋಡಲು ಹೊರಡುತ್ತೇನೆ. ನಮ್ಮೂರ ಬಾಗಿಲುಗಳಿಗೆ ಕೀಲಿಯಿಲ್ಲ, ಅಗಳಿಯಿಲ್ಲ. ಮನೆಯವರು ಕಲಿಸಿದ ಒಂದು ಮಾತಿಗೆ ಬಾಗಿಲು ತೆರೆಯುತ್ತದೆ. ಒಳಗಿಂದ ಹೊರಗೆ ಬರುವುದಕ್ಕೂ ಅದೇ ಮಾತು ಬೇಕು. ಹೇಳಿದವರು ಯಾರು ಎಂದು ಅದು ಕೇಳುವುದಿಲ್ಲ, ಮಾತು ಸರಿಯಿದ್ದರೆ ಆಯಿತು. ಅದಕ್ಕೇ ನನ್ನಂಥವಳೊಬ್ಬಳು ಊರಿಗೆ ಬೇಕಾಗುತ್ತಾಳೆ. ನಾನು ಪ್ರತಿ ಬಾಗಿಲ ಮುಂದೆ ನಿಂತು ನನ್ನ ಪಟ್ಟಿಯ ಮಾತುಗಳನ್ನು ಒಂದೊಂದಾಗಿ ಹೇಳುತ್ತೇನೆ. ಯಾವುದಾದರೂ ಒಂದಕ್ಕೆ ಬಾಗಿಲು ತೆರೆದುಕೊಂಡರೆ ಆ ಮನೆಯವರು ಸಂಜೆ ದೀಪ ಹಚ್ಚುವುದರೊಳಗೆ ಬೇರೆ ಮಾತು ಕಲಿಸಬೇಕು. ಕಳ್ಳನ ಬಾಯಲ್ಲೂ ಇರುವುದು ಹೆಚ್ಚುಕಡಿಮೆ ಇದೇ ಪಟ್ಟಿ. ಅವನಿಗಿಂತ ಮೊದಲು ನಾನು ಹೇಳಿರಬೇಕು, ನನ್ನ ಕೆಲಸ ಅಷ್ಟೆ.

ಪಟ್ಟಿಯನ್ನು ನಾನು ನನ್ನ ಅವ್ವನ ಬಾಯಿಂದ ಕಲಿತೆ, ಅವಳು ಅವಳ ಅವ್ವನಿಂದ. ಅದು ಎಲ್ಲಿಯೂ ಬರೆದಿಟ್ಟದ್ದಲ್ಲ. ಹಿಂದೆ ಯಾವ ಯಾವ ಮಾತಿಗೆ ಬಾಗಿಲು ಸೋತಿವೆಯೋ ಅವೆಲ್ಲ ಅದರಲ್ಲಿವೆ. ಹೆಚ್ಚು ಬಾಗಿಲು ಸೋತ ಮಾತು ಮುಂದೆ, ಕಡಿಮೆ ಸೋತದ್ದು ಹಿಂದೆ. ಮನೆದೇವರ ಹೆಸರುಗಳು ಮೊದಲು ಬರುತ್ತವೆ, ಆಮೇಲೆ ಹಿರಿಮಗನ ಹೆಸರು, ಎತ್ತಿನ ಹೆಸರು, ಕಾಳುಕಡ್ಡಿ, ತಿನ್ನುವ ಪದಾರ್ಥ. ಬೈಗುಳಗಳೂ ಇವೆ, ಅತ್ತೆ ಸೊಸೆ ಒಂದೇ ಸೂರಿನಡಿ ಇರುವ ಕಡೆ ಅವು ಕೆಲಸಕ್ಕೆ ಬರುತ್ತವೆ. ಸೋಮಾರಿಗಳು ‘ತಗಿ’ ಎಂಬುದನ್ನೇ ಕಲಿಸಿರುತ್ತಾರೆ. ಜಾಣರು ದೇವರ ಹೆಸರಿಗೆ ಎತ್ತಿನ ಹೆಸರನ್ನು ಕಟ್ಟುತ್ತಾರೆ, ಇಲ್ಲವೇ ಮಗನ ಹೆಸರನ್ನು ತಿರುವುಮುರುವಾಗಿ ಹೇಳುತ್ತಾರೆ. ಅದೇ ಜಾಣತನ ಅದೇ ಓಣಿಯಲ್ಲಿ ಇನ್ನೂ ಒಂದಿಬ್ಬರಿಗೆ ಹೊಳೆದಿರುತ್ತದೆಂದು ಅವರಿಗೆ ಗೊತ್ತಿರುವುದಿಲ್ಲ. ಒಮ್ಮೆ ಕಿರಾಣಿ ಅಂಗಡಿಯ ಚೆನ್ನವೀರಪ್ಪನ ಬಾಗಿಲು ಇಂಥದೊಂದು ಮಾತಿಗೆ ತೆರೆದುಕೊಂಡಾಗ ಅವನು ಬೆಪ್ಪಾಗಿ ನಿಂತುಬಿಟ್ಟ.

“ನಾ ಹೇಣ್ತಿಗೆ ಸೈತ ಸಣ್ಣ ದನಿಲೆ ಹೇಳಿದ್ದೆ. ನಿನಗ ಹೆಂಗ ಗೊತ್ತಾತು?”

“ನಿಮ್ಮ ಬೀಗರ ಮನೀಗೂ ಇದ ಐತ್ರಿ,” ಎಂದೆ.

ಮಾತಿನ ವಿಷಯದಲ್ಲಿ ನಮ್ಮವರಿಗೆ ಬಹಳ ನಾಚಿಕೆ. ಯಾರಾದರೂ ತಮ್ಮ ಬಾಗಿಲ ಬಳಿ ಹೋಗಿ ಕಟ್ಟಿಗೆಗೆ ಬಾಯಿ ಹಚ್ಚಿದರೆ, ಓಣಿಯಲ್ಲಿ ಹೋಗುತ್ತಿರುವವರು ಮುಖ ಆಚೆ ತಿರುಗಿಸಿ ಜೋರಾಗಿ ಕೆಮ್ಮುತ್ತಾರೆ. ಹೊಸಬರು ಬಂದರೆ ಈ ಊರಿನಲ್ಲಿ ಎಲ್ಲರಿಗೂ ಎದೆ ಕಟ್ಟಿದೆಯೇನೋ ಎಂದುಕೊಳ್ಳಬೇಕು, ಹಾಗೆ.

ನನ್ನ ಪಟ್ಟಿಗೆ ಎಂದೂ ಸೋಲದಿದ್ದುದು ಫಕೀರವ್ವನ ಬಾಗಿಲು. ಅವಳು ಚುರುಮುರಿ ಹುರಿಯುವವಳು. ಮನೆಯ ಪಕ್ಕದ ಚಪ್ಪರದಲ್ಲಿ ಅವಳ ಭಟ್ಟಿ ಇತ್ತು. ಗಂಡ ಎಂಬುವನು ಬಹಳ ಹಿಂದೆಯೇ ಊರು ಬಿಟ್ಟು ಹೋಗಿದ್ದ, ಅವಳು ಹುಡುಕಿಸಲೂ ಇಲ್ಲ. ಒಬ್ಬಳೇ ಇದ್ದಳು, ಹಾಗಾಗಿ ಆ ಮನೆಯ ಮಾತು ಅವಳೊಬ್ಬಳಿಗೇ ಗೊತ್ತು. ನಾನು ಪಟ್ಟಿ ಶುರು ಮಾಡಿದರೆ ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಜರಡಿ ಹಿಡಿಯುತ್ತ ಕೇಳುತ್ತಿದ್ದಳು. ಎಲ್ಲ ಹೇಳಿ ನನ್ನ ಗಂಟಲು ಒಣಗಿದಾಗ, “ಮುಗೀತೇನ ಬಾಳವ್ವಾ? ಇಷ್ಟ ಐತೇನ ನಿಮ್ಮವ್ವ ಕಲಿಸಿದ್ದು?” ಎಂದು ನಗುವಳು. ಸೆರಗಿಗೆ ಬಿಸಿ ಚುರುಮುರಿ ಸುರಿದು, “ಬರೂ ವರ್ಷ ಇನ್ನಷ್ಟ ಕಲ್ತ ಬಾರವಾ,” ಎನ್ನುವಳು. ನಾನು ಆ ಮನೆಯಿಂದ ಸೋತು ಹೊರಡುತ್ತಿದ್ದೆ, ಆದರೆ ದಾರಿಯುದ್ದಕ್ಕೂ ತಿನ್ನುತ್ತ ಹೋಗುತ್ತಿದ್ದೆ.

ಹೋದ ಚಳಿಗಾಲದಲ್ಲಿ ಫಕೀರವ್ವ ಭಟ್ಟಿಯ ಮುಂದೆಯೇ ಕುಸಿದಳು. ಲಕ್ವ ಹೊಡೆದಿತ್ತು. ಹೊಳೆಯಾಚೆಯ ಊರಿನಲ್ಲಿರುವ ಅವಳ ಅಣ್ಣನ ಮಗ ಯಮನೂರಪ್ಪ ಬಂದು ದವಾಖಾನೆಗೆ ಕರೆದೊಯ್ದ. ಜೀವ ಉಳಿಯಿತು. ಬಲಗೈ, ಬಲಗಾಲು ಸೋತವು. ಬಾಯಲ್ಲಿದ್ದ ಮಾತೆಲ್ಲ ಹೋಗಿ ‘ಸಾಕು’ ಎಂಬುದೊಂದು ಉಳಿಯಿತು. ನೀರು ಬೇಕಾದರೂ ಸಾಕು, ಬೇಡವಾದರೂ ಸಾಕು. ಆದರೆ ಬುದ್ಧಿ ಚೆನ್ನಾಗಿಯೇ ಇತ್ತು. ಕೇಳಿದ್ದೆಲ್ಲ ತಿಳಿಯುತ್ತಿತ್ತು. ಹೌದು, ಅಲ್ಲ ಎಂದು ತಲೆಯಲ್ಲಿ ತೋರಿಸುತ್ತಿದ್ದಳು.

ಅವಳು ಊರಿಗೆ ವಾಪಸು ಬಂದ ದಿನ ನನಗೆ ಕರೆ ಬಂತು. ನಾನು ಹೋಗುವಷ್ಟರಲ್ಲಿ ಅರ್ಧ ಓಣಿ ಅಲ್ಲಿ ನೆರೆದಿತ್ತು. ಫಕೀರವ್ವ ತನ್ನ ಮನೆಯ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲು ಮುಚ್ಚಿತ್ತು. ಅದರ ಮಾತು ಅವಳ ತಲೆಯಲ್ಲಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅವಳಿಗೆ ಅಕ್ಷರವೂ ಬಾರದು. ಓಣಿಯ ತುದಿಯಲ್ಲಿ ಯಮನೂರಪ್ಪ ತಂದ ಟಂಟಂ ಗಾಡಿ ನಿಂತಿತ್ತು.

“ನೋಡ್ರಿ ಪಟ್ಟಿಯಾಕೀರ,” ಎಂದ ಯಮನೂರಪ್ಪ, “ನಾ ಅಂತೂ ನಮ್ಮ ಮನ್ಯಾಗ ಇರು ಅತ್ತಿ ಅಂತ ಕೈ ಮುಗದೀನಿ. ದಿನಾ ಅಳತಾಳ, ಈ ದಿಕ್ಕಿಗೆ ಕೈ ಮಾಡತಾಳ. ಅದಕ್ಕ ಕರಕೊಂಡ ಬಂದೆ. ಬಾಗಲಾ ತಗದ್ರ ಇಲ್ಲೇ ಬಿಡತೀನಿ. ತಗೀಲಿಲ್ಲಂದ್ರ ಸಂಜೀಗೆ ವಾಪಸ್ ಕರಕೊಂಡ ಹೋಗೂದ. ಹೊರಗ ಕಟ್ಟಿ ಮ್ಯಾಲ ಬಿಟ್ಟ ಹೋಗಾಕ ಬರತೈತೇನ್ರಿ?”

ಅವನು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಫಕೀರವ್ವ ಮಾತ್ರ ಎಡಗೈಯಿಂದ ಹೊಸ್ತಿಲನ್ನು ಬಡಿಯುತ್ತಲೇ ಇದ್ದಳು.

“ಮಾಳಿಗಿ ಮ್ಯಾಲಿನ ಬೆಳಕಿಂಡ್ಯಾಗಿಂದ ಇಳಿಸಿದ್ರ?” ಎಂದ ಒಬ್ಬ.

ಗೋಡೆಯಾಚೆಯ ಮನೆಯ ಹುಸೇನಬಿ ಅವನ ಕಡೆ ತಿರುಗಿದಳು. “ದಿನಾ ಬಾವಿಗೆ ಕೊಡಾ ಬಿಟ್ಟಂಗ ಬಿಡತೀಯೇನ ಆಕೀನ? ಹಗ್ಗಾ ನಿನ್ನ ಕೊಳ್ಳಿಗೆ ಕಟ್ಟಲೇನ?”

ನಾನು ಫಕೀರವ್ವನ ಪಕ್ಕದಲ್ಲಿ ಕೂತೆ. ಅವಳ ಮುಖ ಒಂದು ಕಡೆಗೆ ಜಾರಿತ್ತು, ಕಣ್ಣು ಹಾಗೆಯೇ ಇದ್ದವು. “ಯಕ್ಕಾ, ಪಟ್ಟಿ ಹೇಳಲಿ? ಬಂದ್ರ ತಲಿ ಹಾಕು,” ಎಂದೆ. ಅವಳು ಬಾಯಿಯ ಒಂದು ತುದಿಯಲ್ಲಿ ನಕ್ಕಳು. ಪಟ್ಟಿಯಿಂದ ಏನೂ ಆಗದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಹೇಳಲೇಬೇಕು. ಊರವರಿಗೆ ಬಾಗಿಲು ಎಂದರೆ ಪಟ್ಟಿಯಾಕಿ, ಪಟ್ಟಿಯಾಕಿ ಎಂದರೆ ಬಾಗಿಲು. ಪಟ್ಟಿಗೆ ಸಿಗದ ಬಾಗಿಲನ್ನು ತೆಗೆಯಲು ಪಟ್ಟಿಯವಳನ್ನೇ ಕರೆಸುವುದು ನಮ್ಮವರಿಗಲ್ಲದೆ ಬೇರೆ ಯಾರಿಗೂ ತೋಚಲಿಕ್ಕಿಲ್ಲ.

ನಾನು ದೇವರಿಂದ ಶುರು ಮಾಡಿದೆ. ಬಾಗಿಲು ಅಲುಗಲಿಲ್ಲ. ಫಕೀರವ್ವ ಒಂದೊಂದಕ್ಕೂ ತಲೆ ಅಡ್ಡ ಆಡಿಸಿದಳು. ಬಿಸಿಲು ಕಟ್ಟೆ ಇಳಿದು ಓಣಿಗೆ ಬಂತು. ಎತ್ತುಗಳು ಮುಗಿದವು, ಕಾಳುಗಳು ಮುಗಿದವು, ಬೈಗುಳ ಬಂದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕಟ್ಟಿದ ಮಾತು, ತಿರುವಿದ ಮಾತು, ಬಾಲ ಹಚ್ಚಿದ ಮಾತು, ಎಲ್ಲ ಆದವು. ಹುಸೇನಬಿ ಎರಡು ಸಲ ಚಹಾ ತಂದಳು. ಕೊನೆಯ ಮಾತಿಗೂ ಫಕೀರವ್ವ ತಲೆ ಅಡ್ಡ ಆಡಿಸಿ, ಅಭ್ಯಾಸ ಬಲದಿಂದಲೋ ಏನೋ, ನನ್ನ ಸೆರಗು ಹಿಡಿದು ಭಟ್ಟಿಯ ಕಡೆ ನೋಡಿದಳು. ಅಲ್ಲಿ ಬೂದಿ ಮಾತ್ರ ಇತ್ತು.

“ಹಂಗಲ್ಲಬೇ,” ಎಂದು ಗುಂಪಿನಿಂದ ಯಾರೋ ಹೇಳಿದರು, “ಕೇಳಕೋತ ಹೋಗು. ಹೆಸರೋ, ಸಾಮಾನೋ, ಏನಂತ ಕೇಳು.”

ಅದು ನನಗೂ ಸರಿ ಅನ್ನಿಸಿತು. “ಹೆಸರೇನ ಯಕ್ಕಾ?” ಎಂದೆ. ಅವಳು ಹೌದೆಂದು ತಲೆ ಹಾಕಿದಳು. ಗುಂಪು ಮುಂದೆ ಸರಿಯಿತು. “ದೇವರದಾ?” ಅಲ್ಲ. “ಊರಿಂದಾ?” ಅಲ್ಲ. “ಮನಷ್ಯಾರದಾ?” ಹೌದು. “ಹೆಂಗಸಾ?” ಅಲ್ಲ.

ಬಿಟ್ಟುಹೋದ ಗಂಡನ ಹೆಸರು ಪಟ್ಟಿಯಲ್ಲೇ ಇತ್ತು, ಅದಕ್ಕೆ ಬಾಗಿಲು ಅಲುಗಿರಲಿಲ್ಲ. ಹಿಂದಿನಿಂದ ಒಬ್ಬ, “ಹಾಂ, ಈಗ ದಾರಿಗೆ ಬಂತ ನೋಡು ಗಾಡಿ,” ಎಂದ. ನಾಲ್ಕೈದು ಮಂದಿ ನಕ್ಕರು. ಇನ್ನೊಬ್ಬ, “ನಮ್ಮ ಓಣ್ಯಾಂವನ ಏನ್ ಕೇಳಬೇ ಮದಲ,” ಎಂದ. ಯಮನೂರಪ್ಪ ತಲೆ ತಗ್ಗಿಸಿ ಚಪ್ಪಲಿಯಿಂದ ಮಣ್ಣು ಕೆದರತೊಡಗಿದ. ಯಾರಾದರೂ ತಮ್ಮ ಬಾಗಿಲಿಗೆ ಬಾಯಿ ಹಚ್ಚಿದರೆ ಕೆಮ್ಮಿ ಆಚೆ ತಿರುಗುವ ಜನ, ಅಂದು ಒಬ್ಬರೂ ಕೆಮ್ಮದೆ ಅವಳ ಬಾಯನ್ನೇ ನೋಡುತ್ತಿದ್ದರು. ನಾನೂ ಹಾಗೆಯೇ ನೋಡುತ್ತಿದ್ದೆ.

“ಸಾಕು,” ಎಂದಳು ಫಕೀರವ್ವ. ಎಡಗೈಯಿಂದ ನನ್ನ ಮುಂಗೈ ಹಿಡಿದಿದ್ದಳು. ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿತ್ತು ಆ ಹಿಡಿತ. ಅವಳ ಕೆನ್ನೆ ಒದ್ದೆಯಾಗಿತ್ತು.

ಹುಸೇನಬಿ ಎದ್ದು ನಿಂತಳು. “ನಡೀರಿ ಎಲ್ಲಾರು. ಇಲ್ಲೇನ ಬಯಲಾಟ ನಡದೈತೇನ? ಏ ತಮ್ಮಾ, ನಿನ್ನ ಬಾಗಲದ ಮಾತ ನಾ ಕೇಳ್ಲೇನ ಇಲ್ಲೇ? ನಡಿ, ನಡಿ.” ಹಿಟ್ಟು ಮೆತ್ತಿದ ಕೈಯಿಂದಲೇ ಜನರನ್ನು ಓಣಿಯ ತುದಿಯವರೆಗೆ ಅಟ್ಟಿದಳು. ಯಮನೂರಪ್ಪನೂ ಹೋದ. ಕಟ್ಟೆಯ ಮೇಲೆ ನಾವಿಬ್ಬರೇ ಉಳಿದೆವು.

“ಯಕ್ಕಾ,” ಎಂದೆ, “ಈಗ ಯಾರೂ ಇಲ್ಲ. ನಾ ಒಂದೊಂದ ಹೆಸರ ಕಿವ್ಯಾಗ ಹೇಳತೀನಿ. ನನಗೊಬ್ಬಾಕಿಗೆ ಗೊತ್ತಾಗತೈತಿ. ಮಣ್ಣಿಗೆ ಹೋಗೂ ತನಕ ನನ್ನ ಬಾಯಿಂದ ಬರೂದುಲ್ಲ.”

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಆಮೇಲೆ ನಿಧಾನವಾಗಿ ತಲೆ ಅಡ್ಡ ಆಡಿಸಿದಳು. ನನಗೆ ಒಳಗೊಳಗೆ ಚುಚ್ಚಿದಂತಾಯಿತು. ಇಷ್ಟು ವರ್ಷ ಅವಳ ಚುರುಮುರಿ ತಿಂದವಳು ನಾನು. ಮತ್ತೆ ಕೇಳಿದೆ: “ಹಂಗಾರ ಹೊಳಿ ಆಚಿ ಹೋಗತೀಯೇನ, ಯಮನೂರನ ಕೂಡ?” ಅವಳು ಹೊಸ್ತಿಲನ್ನು ಬಡಿದಳು. “ಮನೀ ಬೇಕಂದ್ರ ಮಾತ ಕೊಡಬೇಕಲ್ಲ ಯಕ್ಕಾ.” ಅವಳು ಅಂಗೈಯನ್ನು ತನ್ನ ಬಾಯಿಯ ಮೇಲೆ ಇಟ್ಟುಕೊಂಡಳು. ಇನ್ನೊಮ್ಮೆ ಹೊಸ್ತಿಲು ಬಡಿದಳು. ಮತ್ತೆ ಬಾಯಿಗೆ ಅಂಗೈ.

ಎರಡೂ ಬೇಕಾಗಿತ್ತು ಅವಳಿಗೆ. ಕೇಳಿದರೆ ಅದು ಅಂಥ ದೊಡ್ಡ ಆಸೆಯೇನೂ ಅಲ್ಲ. ತನ್ನ ಮನೆಯೊಳಗೆ ತಾನಿರಬೇಕು, ತನ್ನ ಎದೆಯೊಳಗಿನದು ಅಲ್ಲೇ ಇರಬೇಕು. ಆ ಹೆಸರು ಯಾರದಿರಬಹುದು ಎಂದು ನನಗೆ ಒಂದು ಊಹೆ ಬರತೊಡಗಿತ್ತು. ಎರಡು ಪ್ರಶ್ನೆ ಕೇಳಿದ್ದರೆ ಸಿಕ್ಕಿಬಿಡುತ್ತಿತ್ತೇನೋ. ಪಟ್ಟಿ ಹೇಳುವವರ ತಲೆ ಹಾಗೆಯೇ, ಬೇಡವೆಂದರೂ ಹುಡುಕುತ್ತದೆ. ನಾನು ಎದ್ದು ಹೋಗಿ ಓಣಿಯ ನೀರಿನ ತೊಟ್ಟಿಯಲ್ಲಿ ಮುಖ ತೊಳೆದುಕೊಂಡೆ.

ಆಮೇಲೆ ಬಡಿಗೇರ ಮೌನೇಶನನ್ನು ಕರೆಸಿದೆ.

ನಮ್ಮಲ್ಲಿ ಬಾಗಿಲು ಕೀಳುವುದೆಂದರೆ ಸಣ್ಣ ಮಾತಲ್ಲ. ಒಮ್ಮೆ ಕಿತ್ತ ಬಾಗಿಲನ್ನು ಮತ್ತೆ ನಿಲ್ಲಿಸಿದರೂ ಅದು ಯಾವ ಮಾತನ್ನೂ ಹಿಡಿಯುವುದಿಲ್ಲ ಎನ್ನುತ್ತಾರೆ. ಹೊಸ ಬಾಗಿಲು ತಂದರೂ ಆ ಚೌಕಟ್ಟಿನಲ್ಲಿ ನಿಲ್ಲುವುದಿಲ್ಲ. ಅಂಥ ಮನೆಯಲ್ಲಿ ದನ ಕಟ್ಟುತ್ತಾರೆಯೇ ಹೊರತು ಮನುಷ್ಯರು ಇರುವುದಿಲ್ಲ. ಮೌನೇಶ ಉಳಿ ಸುತ್ತಿಗೆ ಕೆಳಗಿಟ್ಟು ಕೈಕಟ್ಟಿ ನಿಂತ. “ಪಟ್ಟಿ ಸೋತೈತಿ ಅಂತ ನೀವು ಬಾಯಿ ಬಿಟ್ಟ ಹೇಳಬೇಕ್ರಿ ಬಾಳವ್ವಾರ. ಅಲ್ಲೀತನಾ ನಾ ಉಳಿ ಹಚ್ಚೂದುಲ್ಲ. ನಾಳೆ ಮಂದಿ ನನ್ನ ಕೇಳತಾರ.”

ಓಣಿಯ ತುದಿಯಿಂದ ಜನ ಮತ್ತೆ ಹತ್ತಿರ ಬಂದಿದ್ದರು. ಎಲ್ಲರಿಗೂ ಕೇಳುವಂತೆ ನಾನು ಹೇಳಿದೆ: “ಈ ಬಾಗಲಾ ನನ್ನ ಪಟ್ಟಿಲೆ ಆಗಲಿಲ್ಲ. ನನ್ನ ಕೈಲೆ ಆಗೂದುಲ್ಲ. ಕೀಳು.” ನನ್ನ ಅವ್ವ ಎಂದಾದರೂ ಈ ಮಾತು ಆಡಿದ್ದಳೋ ಇಲ್ಲವೋ ತಿಳಿಯದು. ಒಬ್ಬಿಬ್ಬರು ಮುಖ ನೋಡಿಕೊಂಡರು. ಪಟ್ಟಿಯಾಕಿಗೆ ವಯಸ್ಸಾಯಿತು ಎಂದು ಅಂದುಕೊಂಡಿರಬೇಕು.

“ಅಲ್ಲ, ಬಾಗಲಿಲ್ಲದ ಮನ್ಯಾಗ ಒಬ್ಬಾಕೀನ ಹೆಂಗ ಬಿಟ್ಟ ಹೋಗ್ಲಿ?” ಯಮನೂರಪ್ಪ ಜನರ ನಡುವಿಂದ ಮುಂದೆ ಬಂದ. “ನಮ್ಮಪ್ಪ ಮ್ಯಾಲಿಂದ ನನಗ ಏನಂದಾನು?”

“ನಿಮ್ಮಪ್ಪಗ ನನ್ನ ಹೆಸರ ಹೇಳು,” ಎಂದಳು ಹುಸೇನಬಿ. “ನಮ್ಮಿಬ್ಬರಿಗೂ ನಡುವ ಒಂದ ಗ್ವಾಡಿ. ಆಕಿ ಮಗ್ಗಲಾ ಬದಲಿಸಿದ್ರ ನನಗ ಕೇಳತೈತಿ. ನಾ ಗೊರಕಿ ಹೊಡದ್ರ ಆಕೀಗೆ ನಿದ್ದಿ ಬರೂದುಲ್ಲ. ನೀ ಸಂತಿಗೊಮ್ಮೆ ಬಾ, ಬರಾಗ ಕೈ ಬೀಸಕೋತ ಬರಬ್ಯಾಡ.”

ಮೌನೇಶ ಹಳೆಯ ಮೊಳೆಗಳನ್ನು, ಬಾಗಿಲಿಗೆ ನೋವಾಗಬಾರದು ಎಂಬ ಹಾಗೆ, ಒಂದೊಂದಾಗಿ ಎಬ್ಬಿಸಿದ. ಕೊನೆಗೆ ಬಾಗಿಲು ಒಂದು ಕಡೆಗೆ ವಾಲಿ, ನಾಲ್ವರ ತೋಳಿನ ಮೇಲೆ ಕೂತು ಕೆಳಗಿಳಿಯಿತು. ಒಳಗಿನಿಂದ ಮುಚ್ಚಿಟ್ಟ ಕತ್ತಲೆಯ ವಾಸನೆ ಬಂತು, ಅದರ ಹಿಂದೆಯೇ ಹುರಿದ ಅಕ್ಕಿಯ ವಾಸನೆ. ನಾವು ಫಕೀರವ್ವನನ್ನು ಎತ್ತಿಕೊಂಡು ಹೋಗಬೇಕೆಂದಿದ್ದೆವು. ಅವಳು ಒಪ್ಪಲಿಲ್ಲ. ನನ್ನ ಹೆಗಲು ಹಿಡಿದು, ಸೋತ ಕಾಲನ್ನು ಎಳೆದುಕೊಂಡು, ಹೊಸ್ತಿಲು ತಾನೇ ದಾಟಿದಳು.

ಕಿತ್ತ ಬಾಗಿಲನ್ನು ಏನು ಮಾಡುವುದೆಂಬ ಮಾತು ಬಂತು. ಒಳ್ಳೆಯ ಮತ್ತಿಮರದ ಕಟ್ಟಿಗೆ, ಬೇಕಾದರೆ ತಾನು ಒಯ್ಯುತ್ತೇನೆಂದ ಮೌನೇಶ. ಫಕೀರವ್ವ ಅದರ ಮೇಲೆ ಅಂಗೈ ಊರಿ ತೆಗೆಯಲೇ ಇಲ್ಲ. ನೆಲದ ಮೇಲೆ ಮಲಗಿ ಏಳುವುದು ಅವಳಿಂದ ಆಗದ ಮಾತು, ಮನೆಯಲ್ಲಿ ಮಂಚವಿರಲಿಲ್ಲ. ಹಾಗಾಗಿ ಮೂಲೆಯಲ್ಲಿ ನಾಲ್ಕು ಕಲ್ಲು ಜೋಡಿಸಿ, ಬಾಗಿಲನ್ನು ಅವುಗಳ ಮೇಲೆ ಮಲಗಿಸಿ, ಹಾಸಿಗೆ ಹಾಸಿದೆವು. ಬಯಲಾದ ಚೌಕಟ್ಟಿಗೆ ಹುಸೇನಬಿ ಗೋಣಿತಟ್ಟು ಹೊಲಿದು ಇಳಿಬಿಟ್ಟಳು. ಕಟ್ಟಿಗೆಯ ಬಾಗಿಲಿನ ಮೇಲೆ ಮೈಚಾಚಿದ ಫಕೀರವ್ವ ಕೆನ್ನೆಯನ್ನು ದಿಂಬಿನಿಂದ ಸರಿಸಿ ಹಲಗೆಗೇ ಇಟ್ಟುಕೊಂಡಳು. ಅದನ್ನು ನೋಡಿ ಯಮನೂರಪ್ಪ ಕಣ್ಣೊರೆಸಿಕೊಂಡು ಟಂಟಂ ಹತ್ತಿದ.

ನಾನು ಮಧ್ಯಾಹ್ನಗಳಲ್ಲಿ ಅಲ್ಲಿಗೆ ಹೋಗಿ ಕೂರತೊಡಗಿದೆ. ಸುಮ್ಮನೆ ಕೂರುವುದು ನನಗೆ ಬಾರದು, ಮೊರದಲ್ಲಿ ಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತನ್ನಷ್ಟಕ್ಕೆ ಪಟ್ಟಿ ಹೇಳುತ್ತದೆ. ಮರೆಯದಿರಲೆಂದು ಅವ್ವ ಚಿಕ್ಕಂದಿನಲ್ಲಿ ಹಚ್ಚಿದ ಚಟ ಅದು. ಹಾಗೆ ಗೊಣಗುತ್ತಿದ್ದಾಗ ಒಂದು ದಿನ ಮೂಲೆಯಿಂದ, “ಜೋಳ,” ಎಂದು ಕೇಳಿಸಿತು. ನಾನು ತಿರುಗಿ ನೋಡಿದೆ. ಫಕೀರವ್ವ ನನ್ನ ತುಟಿಯನ್ನೇ ನೋಡುತ್ತಿದ್ದಳು. “ಜೋಳ,” ಎಂದೆ. “ಜೋಳ,” ಎಂದಳು, ಅರ್ಧ ನಾಲಿಗೆಯಲ್ಲಿ, ಕಷ್ಟಪಟ್ಟು.

ಅಲ್ಲಿಂದ ನಾವು ದಿನವೂ ಪಟ್ಟಿ ಹಿಡಿದು ಕೂತೆವು. ನಾನು ಹೇಳುವುದು, ಅವಳು ಹಿಂದಿನಿಂದ ಅನ್ನುವುದು. ಊರಿನ ಎಲ್ಲರ ಬಾಯಲ್ಲಿ ತಿರುಗುವ ಮಾತುಗಳೇ ಪಟ್ಟಿಯಲ್ಲಿರುವುದು. ಬಾಗಿಲಿಗೆ ಅವು ಕೆಲಸಕ್ಕೆ ಬಾರದವು, ಬದುಕಿಗೆ ಅವೇ ಬೇಕು. ನೀರು, ಬೆಲ್ಲ, ಬಾಗಿಲು, ಬಾ, ಅವ್ವ. ಕೆಲವು ಎಷ್ಟು ಎಳೆದರೂ ಬರುತ್ತಿರಲಿಲ್ಲ, ಅವಳು ಸಿಟ್ಟಿಗೆದ್ದು ಗೋಡೆಗೆ ಮುಖ ಮಾಡುವಳು. ನಾನು ಬೇಳೆ ಆರಿಸುತ್ತ ಕಾಯುವೆ. ಮಾತುಗಳು ನನ್ನ ಪಟ್ಟಿಯ ಸಾಲಿನಲ್ಲಿ ಬರಲಿಲ್ಲ. ದೇವರುಗಳು ಬರುವುದಕ್ಕಿಂತ ಎಷ್ಟೋ ಮೊದಲು ಒಂದು ಬೈಗುಳ ಪೂರ್ತಿ, ಸ್ಪಷ್ಟವಾಗಿ ಬಂತು. ಸಂತೆಯ ದಿನ ಯಮನೂರಪ್ಪ ಕೈಯಲ್ಲಿ ಬಾಳೆಹಣ್ಣು ಹಿಡಿದು ಬಗ್ಗಿ ಒಳಗೆ ಬಂದದ್ದೇ ತಡ, ಫಕೀರವ್ವ ಆ ಬೈಗುಳವನ್ನು ಅವನ ಮೇಲೆಯೇ ಎಸೆದಳು. ಅವನು ಅಲ್ಲಿಯೇ ಕುಕ್ಕರಗಾಲಲ್ಲಿ ಕೂತು ನಕ್ಕ, ನಗುತ್ತ ನಗುತ್ತ ಅತ್ತ. “ಇನ್ನೊಮ್ಮೆ ಅನ್ನು ಅತ್ತಿ,” ಎಂದ. ಅವಳು ಅಂದಳು. ಗೋಡೆಯಾಚೆ ಹುಸೇನಬಿ, “ಅಯ್ಯ ಇವಳ, ಇದೊಂದ ನೆಟ್ಟಗ ಕಲ್ತಾಳ,” ಎಂದು ನಗುವುದು ಕೇಳುತ್ತಿತ್ತು.

ಬಾಗಿಲಿಲ್ಲದ ಆ ಮನೆಗೆ ಕಳ್ಳರು ಬರಲಿಲ್ಲ. ಬರಲು ಬಿಡುವೂ ಇರಲಿಲ್ಲವೆನ್ನಿ, ತಟ್ಟು ಸರಿಸಿ ಯಾರಾದರೊಬ್ಬರು ಹೋಗುತ್ತಲೋ ಬರುತ್ತಲೋ ಇದ್ದರು. ಅಂದು ಕಟ್ಟೆಯ ಮುಂದೆ ನಿಂತು ನಕ್ಕವರಲ್ಲಿ ಒಬ್ಬ, ಯಾರೂ ಹೇಳದೆ, ಬಂದು ಭಟ್ಟಿಯ ಬೂದಿ ತೆಗೆದು ಹೋದ.

ಆ ಹೆಸರನ್ನು ನಾನು ಹುಡುಕಲಿಲ್ಲ. ಕಲ್ಲು ಆರಿಸುವಾಗ ತಲೆ ಆ ಕಡೆ ಹೊರಟರೆ ಪಟ್ಟಿಯನ್ನು ಗಟ್ಟಿಯಾಗಿ ಹೇಳಿ ಎಳೆದು ತರುತ್ತಿದ್ದೆ.

ಮೊನ್ನೆ ಎಂದಿನಂತೆ ಬೇಳೆಯ ಮೊರ ಬಗಲಲ್ಲಿಟ್ಟುಕೊಂಡು ಹೋದೆ. ಇನ್ನೇನು ತಟ್ಟು ಸರಿಸಬೇಕು, ಒಳಗಿನಿಂದ ದನಿ ಕೇಳಿಸಿತು. ಫಕೀರವ್ವನದೇ ದನಿ, ಆದರೆ ಪಟ್ಟಿ ಹೇಳುವಾಗ ಬರುವ ಒಡಕು ದನಿಯಲ್ಲ. ಕಟ್ಟಿಗೆಗೆ ಬಾಯಿ ಹಚ್ಚಿ, ಮೆಲ್ಲಗೆ, ಹತ್ತಿರದವರಿಗೆ ಅನ್ನುವ ಹಾಗೆ ಏನೋ ಅನ್ನುತ್ತಿದ್ದಳು. ನಾನು ಮುಖ ತಿರುಗಿಸಿ ಓಣಿಯ ಕಡೆ ನಿಂತು ಜೋರಾಗಿ ಕೆಮ್ಮಿದೆ. ನನ್ನ ಹಿಂದೆಯೇ ಗೋಡೆಯಾಚೆ ಹುಸೇನಬಿಯೂ ಕೆಮ್ಮಿದಳು. ಕೆಮ್ಮುತ್ತಿರುವಾಗಲೇ ಒಳಗೆ ಕಲ್ಲಿಗೆ ಕಲ್ಲು ಉಜ್ಜಿದ ಸದ್ದು, ಭಾರದ ಕಟ್ಟಿಗೆ ಕಿರುಗುಟ್ಟಿದ ಸದ್ದು, ಆಮೇಲೆ ದೊಪ್ಪೆಂದು ಏನೋ ಬಿದ್ದ ಸದ್ದು.

ಮೊರ ಕಟ್ಟೆಯ ಮೇಲೆ ಎಸೆದು ಒಳಗೆ ಓಡಿದೆ. ಮಲಗಿಸಿದ ಬಾಗಿಲು ಒಂದು ಕಡೆಯ ಕಲ್ಲುಗಳನ್ನು ತಳ್ಳಿ, ಅರ್ಧ ತಿರುಗಿ, ವಾಲಿ ನಿಂತಿತ್ತು. ಫಕೀರವ್ವ ಹಾಸಿಗೆ ಸಮೇತ ಜಾರಿ ನೆಲದ ಮೇಲೆ ಕೂತಿದ್ದಳು. ಕೂದಲು ಬಿಚ್ಚಿಹೋಗಿತ್ತು. ಪೆಟ್ಟಾಗಿರಲಿಲ್ಲ. ಮುಖದ ಒಂದೇ ಕಡೆ ನಗು, ಆದರೆ ಅಷ್ಟು ನಗುವನ್ನು ನಾನು ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ.

“ಏನಾತ ಯಕ್ಕಾ?” ಎಂದೆ, ಅವಳ ತೋಳು ಹಿಡಿಯುತ್ತ.

“ಬಾಗಲಾ,” ಎಂದಳು ಫಕೀರವ್ವ. ಸ್ವಲ್ಪ ಹೊತ್ತು ಹುಡುಕಿ ಇನ್ನೊಂದು ಮಾತು ತಂದಳು. “ತಗೀತು.”